ಬೆಂಕಿ ತಾಗಿದ ಏಣಿ

ಮುರಿದ ಏಣಿಯನ್ನು ಸೊಹೈಲ್ ವರ್ಕ್‌ಶಾಪಿನ ಬಾಗಿಲಲ್ಲೇ ಧಡಾರನೆ ಎಸೆದ.

"ನಿಮ್ಮ ಬೆಂಕಿ ಇಲ್ಲದ ವೆಲ್ಡಿಂಗಿನ ಗತಿ ನೋಡಿ. ಮೆಣಸು ಕೊಯ್ಯೋ ನಮ್ಮ ಆಳು ಚಿಕ್ಕಯ್ಯ ಕಾಲು ಮುರ್ಕೊಂಡು ಆಸ್ಪತ್ರೇಲಿ ಮಲಗಿದಾರೆ. ಈ ಬೆಸುಗೆ ಕೆಟ್ಟದ್ದು ಅಂತ ಊರಿಗೆಲ್ಲ ಹೇಳೇ ಬಂದೆ."

ಶಾಝಿಯಾ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದಳು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

ಮೂಡಿಗೆರೆಯ ಆ ವರ್ಕ್‌ಶಾಪ್ ಅವಳ ಅಬ್ಬಾ ರಜಬ್ ಅಲಿಯವರದು. ಇಂಜಿನಿಯರಿಂಗ್ ಮುಗಿಸಿ ಬಂದವಳು ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವವರಿಗೆ ಅಲ್ಯೂಮಿನಿಯಂ ಏಣಿ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದಳು. ಎರಡು ಪಟ್ಟಿಗಳನ್ನು ಒತ್ತಿ ಹಿಡಿದು, ಸಂದಿಯಲ್ಲಿ ಉಕ್ಕಿನ ಮೊಳೆಯೊಂದನ್ನು ಗರಗರನೆ ತಿರುಗಿಸಿದರೆ, ಆ ಉಜ್ಜಾಟದ ಬಿಸಿಗೇ ಲೋಹ ಕರಗದೆ ಕಣಕದಂತೆ ಮೆತ್ತಗಾಗಿ ಬೆರೆತುಹೋಗುತ್ತದೆ. ಇದನ್ನು ಊರಲ್ಲಿ ಮೊದಲು ನಂಬಿದವನು ಜಾವಳಿ ಊರಿನ ಮೆಣಸಿನ ಕಂಟ್ರಾಕ್ಟರ್ ಸೊಹೈಲ್. ಈಗ ಅವನೇ ಹೀಗೆ ಎಸೆದನಲ್ಲ!

ಉಳಿದ ಏಣಿಗಳು ಇನ್ನೂ ಮರಗಳಿಗೆ ಒರಗಿವೆ... ತನ್ನ ಬೆಸುಗೆಯೇ ತಪ್ಪಾಗಿದ್ದರೆ ಇನ್ನೆಷ್ಟು ಜನ ಬೀಳಬೇಕು?

ಎಲ್ಲವನ್ನೂ ಈಗಲೇ ಇಳಿಸಲು ಫೋನ್ ಮಾಡಿ ಎಂದು ಅವನಿಗೆ ಗದರಿ, ಅವಳು ಏಣಿಯ ಪಕ್ಕ ಕುಳಿತಳು. ಬೆಸುಗೆ ಬಿಟ್ಟಿರಲಿಲ್ಲ. ಅದರ ಮಗ್ಗುಲಲ್ಲಿ ಲೋಹ ಬಾಗಿ ಹರಿದಿತ್ತು.

ಬೆಸೆಯುವಾಗಿನ ಬಿಸಿಗೆ ಮಗ್ಗುಲ ಲೋಹ ತುಸು ಸಡಿಲವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹದವಾದ ಶಾಖದ ಒಲೆಯಲ್ಲಿಟ್ಟು ಗಟ್ಟಿತನ ಮರಳಿಸಿಯೇ ಅವಳು ಏಣಿ ಕಳಿಸುತ್ತಿದ್ದುದು. ಈ ಏಣಿಯನ್ನು ಒಲೆಗಿಟ್ಟ ಸಲ ಹದ ತಪ್ಪಿತೇ? ಅದೇ ಸಲ ಒಲೆಯಿಂದ ತೆಗೆದಿದ್ದ ಇನ್ನೊಂದು ಬೆಸೆದ ಪಟ್ಟಿಯನ್ನು, ಭಾರ ಒತ್ತಿ ನೋಡುವ ಪ್ರೆಸ್ಸಿಗೆ ಕೊಟ್ಟಳು. ಏಣಿ ಎಂದೂ ಕಾಣದಷ್ಟು ಭಾರ ಹೇರಿದರೂ ಅದು ಜಗ್ಗಲಿಲ್ಲ.

ಹಾಗಾದರೆ ಇದು? ಮುರಿದ ಕಡೆ ಬಟ್ಟೆಯಿಂದ ಉಜ್ಜಿದಳು. ಮೆಟ್ಟಿಲ ಅಡಿಯಲ್ಲಿ ಮಸಿ!

"ಇದನ್ನ ಬೆಂಕಿಗೆ ಹಿಡಿದವರು ಯಾರು?"

ಸೊಹೈಲನ ಮುಖ ಬಿಳಿಚಿತು. ಜೀಪಿನಲ್ಲಿ ತರುವಾಗ ಏಣಿ ಸ್ವಲ್ಪ ಡೊಂಕಾಗಿತ್ತಂತೆ. ಬಿದಿರೇಣಿ ಡೊಂಕಾದರೆ ಬೆಂಕಿಗೆ ಕಾಯಿಸಿ ನೆಟ್ಟಗೆ ಮಾಡುವುದು ಇಲ್ಲಿ ಎಲ್ಲರೂ ಬಲ್ಲ ಕೆಲಸ. ತಾನೂ ಹಾಗೇ ಮಾಡಿದೆ ಎಂದ.

"ಇದು ಬಿದಿರಲ್ಲ ಮಾರಾಯ್ರೇ! ಬೆಂಕಿಗೆ ಹಿಡಿದ್ರೆ ಹದ ಮೀರಿ ಇದರ ಗಟ್ಟಿತನವೇ ಹೋಗುತ್ತೆ. ಹೊರಗೆ ನೋಡೋಕೆ ಏನೂ ಗೊತ್ತಾಗಲ್ಲ."

"ನೀವು ಹೇಳಿರಲಿಲ್ಲ."

ಶಾಝಿಯಾಳಿಗೆ ಕೆನ್ನೆಗೆ ಹೊಡೆದಂತಾಯಿತು. ನಿಜ, ಕಂಡಕಂಡವರಿಗೆಲ್ಲ ಬೆಸುಗೆಯ ಗುಣಗಾನ ಮಾಡಿದ್ದಳೇ ಹೊರತು ಈ ಒಂದು ಮಾತು ಹೇಳಿರಲಿಲ್ಲ. ಕೋಪ ಈಗ ತನ್ನ ಮೇಲೂ ತಿರುಗಿತು.

"ತಪ್ಪು ನಂದೂ ಇದೆ. ಆದ್ರೆ ಬೆಸುಗೆ ಕೆಟ್ಟದ್ದು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದು ನೀವು. ಹೋಗಿ ನಿಜ ಹೇಳಿ."

ಅವನು ಹೊರಟುಹೋದ. ಹೇಳುವನೋ ಇಲ್ಲವೋ ಎಂದು ಅವಳು ರಾತ್ರಿಯೆಲ್ಲ ಕುದಿದಳು.

ಬೆಳಿಗ್ಗೆ ತನ್ನ ಪಾಲಿನ ತಪ್ಪು ಹೇಳಿಕೊಳ್ಳಲು ಆಸ್ಪತ್ರೆಗೆ ಹೋದರೆ, ಸೊಹೈಲ್ ಆಗಲೇ ಅಲ್ಲಿದ್ದ. ಮರ ಹತ್ತುವ ಆಳುಗಳೆಲ್ಲರ ಎದುರು ತಲೆ ತಗ್ಗಿಸಿ, ಬೆಂಕಿಗೆ ಹಿಡಿದವನು ತಾನೇ ಎನ್ನುತ್ತಿದ್ದ. ಚಿಕ್ಕಯ್ಯನ ಹೆಂಡತಿ ಭಾಗಮ್ಮ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಶಾಝಿಯಾ ಹೋಗಿ ಅವನ ಪಕ್ಕದಲ್ಲಿ ನಿಂತಳು. ಬೈಗುಳದಲ್ಲಿ ಅವಳಿಗೂ ಪಾಲು ಸಿಕ್ಕಿತು. ಕೊನೆಗೆ ಚಿಕ್ಕಯ್ಯನೇ ಸಾಕು ಮಾಡು ಎಂದು ಹೆಂಡತಿಯನ್ನು ಸುಮ್ಮನಾಗಿಸಿದ.

ವರಾಂಡಕ್ಕೆ ಬಂದದ್ದೇ ಅವಳು ಮತ್ತೆ ಹರಿಹಾಯ್ದಳು. "ಡೊಂಕಾಗಿದ್ರೆ ನನ್ನ ಹತ್ರ ತರಬಾರದಿತ್ತಾ?"

"ಬೇರೆ ಯಾರೇ ಮಾಡಿದ ಏಣಿ ಆಗಿದ್ರೂ ತರ್ತಿದ್ದೆ. ನಿಮ್ಮ ಕೆಲಸ ಹಾಳು ಮಾಡಿ ನಿಮ್ಮೆದುರೇ ನಿಲ್ಲೋಕೆ ಆಗ್ಲಿಲ್ಲ... ನೀವಂದ್ರೆ ನಂಗೆ ಅಷ್ಟು ಇಷ್ಟ."

"ಅದಕ್ಕೆ ಒಬ್ಬರ ಕಾಲು ಮುರಿಬೇಕಿತ್ತಾ?" ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಇವನ ಮೇಲೆ ಇಷ್ಟೊಂದು ಕೋಪ ಯಾಕೆ ಬರುತ್ತದೆಂದು ಅವಳಿಗೀಗ ಅರ್ಥವಾಗಿತ್ತು.

ಅವನು ಮೆಲ್ಲಗೆ ಕೇಳಿದ. "ನಿಮ್ಮ ಅಬ್ಬಾ ಹತ್ರ ಮಾತಾಡಲಾ?"

"ಮೊದಲು ಚಿಕ್ಕಯ್ಯ ಎದ್ದು ನಡೀಲಿ."

"ಆಮೇಲೆ?"

"ಆಮೇಲೆ ಬನ್ನಿ. ಅಬ್ಬಾ ಒಪ್ಪದಿದ್ರೆ ನಾನೇ ಜಗಳ ಮಾಡ್ತೀನಿ."