ಆಡಿಟ್ ಇನ್ನೂ ಮುಗಿದಿಲ್ಲ

“ಬಂದೆ ಸರ್. ಇವತ್ತು ಏನು ನೆಪ?”

ಯಾವಾಗಲೂ ಈ ಮಾತನ್ನು ನಗುತ್ತಲೇ ಹೇಳುತ್ತಿದ್ದಳು. ಇವತ್ತು ನಗು ಇರಲಿಲ್ಲ. ಅಕೌಂಟೆಂಟ್ ಕುರ್ಚಿಯಿಂದ ಎದ್ದು ನಿಂತ.

ಅವಳ ತಾತ ಬಾಡಿಗೆ ಬರುವ ಮನೆಗಳನ್ನು ಸೇರಿಸಿ ಮೊಮ್ಮಕ್ಕಳಿಗಾಗಿ ಒಂದು ಟ್ರಸ್ಟ್ ಮಾಡಿಟ್ಟು ಹೋಗಿದ್ದರು. ಅದನ್ನು ನೋಡಿಕೊಳ್ಳುವ ಟ್ರಸ್ಟಿ ಅವಳ ಚಿಕ್ಕಪ್ಪ. ಲೆಕ್ಕ ಬರೆಯುವವನು ಇವನು. ಕನ್ನಡಕದ ಅಂಗಡಿ ನಡೆಸುವ ಅವಳು ಒಂದು ದಿನ ಬಂದು, “ಬಾಡಿಗೆ ಎಷ್ಟು ಬಂತು, ಎಲ್ಲಿ ಹೋಯ್ತು, ನನಗೂ ಗೊತ್ತಾಗ್ಬೇಕಲ್ವಾ?” ಎಂದಿದ್ದಳು. ಕೇಳುವ ಹಕ್ಕು ಅವಳಿಗಿತ್ತು. ಚಿಕ್ಕಪ್ಪನೂ, “ನಮ್ಮ ಗುಬ್ಬಿ ಕೇಳಿದ್ರೆ ಎಲ್ಲಾ ತೋರಿಸಿಬಿಡಪ್ಪ, ಅವಳದ್ದೇ ತಾನೇ,” ಎಂದು ಲೆಕ್ಕಕ್ಕೆ ಮೊದಲೇ ಸಹಿ ಹಾಕಿ ಕೊಟ್ಟಿದ್ದರು.

ಕಡತ ಬೀರುವಿನಲ್ಲೇ ಇತ್ತು. ಆದರೆ ಅವತ್ತು ಅವಳು ಹಣೆಗೆ ಬಿದ್ದ ಕೂದಲನ್ನು ಉಫ್ ಎಂದು ಊದಿ, ಕಣ್ಣೆತ್ತಿ ನೋಡಿದಳು ನೋಡಿ, ಇವನ ಬಾಯಿಂದ “ಆಡಿಟ್ ಇನ್ನೂ ಮುಗಿದಿಲ್ಲ” ಎಂದು ಬಂದೇಬಿಟ್ಟಿತು. ಕೊಟ್ಟರೆ ಮತ್ತೆ ಯಾಕೆ ಬರುತ್ತಾಳೆ? ಆಮೇಲೆ ಪ್ರತಿ ಸಲವೂ ಅದೇ ಪಾಠ. ಅವಳು ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡುವುದು, ಸಂಜೆಯೆಲ್ಲ ತನ್ನನ್ನೇ ಬೈದುಕೊಳ್ಳುವುದು.

“ವಕೀಲರ ಹತ್ರ ಹೋಗಿದ್ದೆ,” ಅವಳು ಕೂರಲೂ ಇಲ್ಲ. “ಚಿಕ್ಕಪ್ಪನ್ನ ಕೇಳಿದ್ರೆ ‘ಆಫೀಸಲ್ಲಿದೆಯಲ್ಲ’ ಅಂತಾರೆ. ಇಲ್ಲಿಗೆ ಬಂದ್ರೆ ಇಲ್ಲ. ಲೆಕ್ಕ ತೋರಿಸದ ಟ್ರಸ್ಟಿ ದುಡ್ಡು ನುಂಗಿರ್ತಾನೆ ಅಂದ್ರು ವಕೀಲರು. ಚಿಕ್ಕಪ್ಪನಿಗೆ ನೋಟಿಸ್ ರೆಡಿ ಇದೆ.”

ಕಿಟಕಿಯ ಕಡೆ ತಿರುಗಿ ಹೇಳಿದಳು: “ಹೋದ ವಾರ ಅವರಿಗೆ ಕಣ್ಣಿನ ಆಪರೇಷನ್ ಆಯ್ತು. ಊರವರ ಕಣ್ಣೆಲ್ಲ ನೋಡೋಳು ನಾನು, ಅವರನ್ನ ನೋಡೋಕೆ ಹೋಗ್ಲಿಲ್ಲ. ಫೋನ್ ಮಾಡಿದ್ರು, ಕಟ್ ಮಾಡ್ದೆ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದವರು.”

ಅವನು ಇನ್ನು ನೆಪ ಹುಡುಕಲಿಲ್ಲ. ಬೀರು ತೆಗೆದು ಕಡತವನ್ನು ಮುಂದಿಟ್ಟ. ಅವಳು ಹಾಳೆ ತಿರುವಿದಳು. ಬಾಡಿಗೆ, ತೆರಿಗೆ, ರಿಪೇರಿ, ಎಲ್ಲ ಸರಿಯಾಗಿತ್ತು. ಚಿಕ್ಕಪ್ಪನ ಸಹಿಯ ಕೆಳಗಿನ ತಾರೀಖಿನ ಮೇಲೆ ಬೆರಳು ನಿಂತಿತು.

“ಇದು ನಾನು ಮೊದಲನೇ ಸಲ ಬರೋದಕ್ಕೂ ಮುಂಚಿನದು.”

“ಹೌದು. ಅವರದ್ದೇನೂ ತಪ್ಪಿಲ್ಲ. ನಾನೇ... ಕೊಟ್ರೆ ನೀವು ಮತ್ತೆ ಬರಲ್ಲ ಅಂತ.”

ಅವಳು ಕಡತ ಮುಚ್ಚಿದಳು.

“ಕಾಫಿಗೆ ಕರೀಬಹುದಿತ್ತು.”

“ಧೈರ್ಯ ಬರ್ಲಿಲ್ಲ.”

“ಸುಳ್ಳು ಹೇಳೋಕೆ ಬಂತು.”

ಅವಳು ಕಡತವನ್ನು ಎತ್ತಿಕೊಂಡಳು.

“ನಡೀರಿ. ಇದನ್ನ ಚಿಕ್ಕಪ್ಪನ ಮುಂದೆಯೂ ಹೇಳಿ.”

ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಆರಾಮಕುರ್ಚಿಯಲ್ಲಿದ್ದ ಚಿಕ್ಕಪ್ಪನ ಕಾಲ ಬಳಿ ಕೂತು ಅವಳು ಅತ್ತಳು. ಇವನು ನಿಂತಲ್ಲೇ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. ಅವರು ಗುಬ್ಬಿಯ ತಲೆ ಸವರುತ್ತಲೇ, “ನೀನು ಕೆಟ್ಟವನಲ್ಲ ಕಣಪ್ಪ. ಆದ್ರೆ ನಾಳೆಯಿಂದ ಲೆಕ್ಕ ಬೇರೆಯವರು ನೋಡ್ಲಿ,” ಎಂದರು. ನ್ಯಾಯವಾದ ಮಾತೇ. ಅವನು ಕೈಮುಗಿದು ಹೊರಬಿದ್ದ.

ಗೇಟಿನ ಹತ್ತಿರ ಅವಳು ಬಂದು ಸೇರಿಕೊಂಡಳು. ಕಣ್ಣು ಇನ್ನೂ ಕೆಂಪಗಿತ್ತು.

“ನನ್ನ ಕೋಪ ಹೋಗಿಲ್ಲ.”

“ಇಷ್ಟು ಬೇಗ ಹೋಗಲೂಬಾರದು.”

ಅವನ ಮೂಗಿನ ಮೇಲೆ ಜಾರಿದ್ದ ಕನ್ನಡಕವನ್ನು ಅವಳು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದಳು.

“ಇದರ ಕಾಲು ಸಡಿಲ ಆಗಿದೆ. ಅಂಗಡಿಗೆ ಬನ್ನಿ, ನಿಂತ ಹಾಗೇ ಸರಿ ಮಾಡಿಕೊಡ್ತೀನಿ. ನಾನು ಯಾರನ್ನೂ ಓಡಾಡಿಸಲ್ಲ.”