ಎಲ್ಸಿ ಮುಖ ತಿರುಗಿಸಿದ ದಿನ

ಡೆಸ್ಮಂಡ್ ಇವತ್ತೂ ಬಂದ. ಬಂದವನು ನೇರವಾಗಿ ಕ್ಲಿನಿಕ್ಕಿನ ವರಾಂಡಕ್ಕೆ ಹೋಗಿ ನೊರೀನಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಒಳಗೆ ಬಿಪಿ ಯಂತ್ರ ಒರೆಸುತ್ತಿದ್ದ ಆರೋಗ್ಯ ಸಹಾಯಕ ಲಯನೆಲ್‌ನ ಹೊಟ್ಟೆಗೆ ಬೆಂಕಿ ಬಿತ್ತು.

ನೊರೀನ್ ಕ್ಲಿನಿಕ್ಕಿನ ಗೋಡೆಗೆಂದು ದೊಡ್ಡ ಚಿತ್ರ ಬಿಡಿಸುತ್ತಿದ್ದಳು. ನಡುವಿನ ಸುತ್ತು ಹೊಸ ಡಯಾಲಿಸಿಸ್ ಕೋಣೆ, ಅದರ ಸುತ್ತ ಕೂತ ಜನ, ಪಟ್ಟಣದಿಂದ ಮನೆಗೆ ಬರುವ ದಾರಿಗಳು. ಚುಕ್ಕೆ ಚುಕ್ಕೆ ಇಟ್ಟು ಚಿತ್ರ ಬಿಡಿಸುವುದನ್ನು ಅವಳಿಗೆ ಕಲಿಸಿದ ಅಜ್ಜಿ, ಕಿಡ್ನಿ ಕೈಕೊಟ್ಟು, ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮೂರು ವರ್ಷ ಯಂತ್ರಕ್ಕೆ ಅಂಟಿಕೊಂಡಿದ್ದು, ಊರ ಮಣ್ಣು ಮೆಟ್ಟದೆಯೇ ಹೋಗಿಬಿಟ್ಟಿದ್ದಳು. ಆ ದಾರಿಗಳನ್ನು ಬಿಡಿಸುವಾಗ ನೊರೀನ್ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಣ್ಣ ಕಲಸಿಕೊಡುವ ಈ ಡೆಸ್ಮಂಡ್ ಬಂದರೆ ಮಾತ್ರ ಅದೇನು ಕಿಸಕಿಸ ನಗು!

ಇಬ್ಬರೂ ಅವಳಿಗೆ ಮದುವೆಯ ವರಸೆಯವರೇ. ಲಯನೆಲ್‌ನ ಸೋದರಮಾವ ಹೋದ ತಿಂಗಳು ಹೆಣ್ಣು ಕೇಳಿ ಬಂದಿದ್ದ. ನೊರೀನಳ ತಾಯಿ ಎಲ್ಸಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಈಗ ನೋಡಿದರೆ ಡೆಸ್ಮಂಡ್‌ಗೆ ಕಾಂಗರೂ ಬಾಲ ಸುಟ್ಟು ತಿನ್ನಿಸುತ್ತಾಳೆ, ಬೆನ್ನಿಗೆ ಗುದ್ದಿ ತಮಾಷೆ ಮಾಡುತ್ತಾಳೆ.

ಅಷ್ಟರಲ್ಲಿ ಎಲ್ಸಿಯೇ ಬಿಪಿ ತೋರಿಸಲು ಬಂದಳು.

"ಬಾಮ್ಮ, ತೋಳು ಕೊಡು," ಎಂದು ಲಯನೆಲ್ ಎದ್ದ.

ಎಲ್ಸಿ ಗಕ್ಕನೆ ನಿಂತಳು. ತಲೆವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡು, ತಿರುಗಿ, ಸರಸರನೆ ನೀರಿನ ಟ್ಯಾಂಕಿನ ಹಿಂದೆ ಹೋಗಿ ಮರೆಯಾದಳು. ಹೋದ ವಾರವಷ್ಟೇ ಅವನನ್ನು "ಉದ್ದಕಾಲಿನ ಎಮು" ಎಂದು ಗೇಲಿ ಮಾಡಿದ್ದ ಹೆಂಗಸು!

ಲಯನೆಲ್‌ಗೆ ತಡೆಯಲಾಗಲಿಲ್ಲ. ದಡದಡನೆ ವರಾಂಡಕ್ಕೆ ಬಂದ.

"ಸಂತೋಷವಾಯ್ತಾ? ನಿಮ್ಮಮ್ಮನಿಗೆ ನನ್ನ ಮುಖ ನೋಡೋಕೂ ಅಸಹ್ಯ. ಇವನನ್ನೇ ಕಟ್ಕೊ ಹೋಗು!"

ನೊರೀನ್ ಕುಂಚ ಕೆಳಗಿಟ್ಟಳು. ರೆಪ್ಪೆಯ ಅಡಿಯಿಂದ ಅವನನ್ನೇ ನೋಡಿದಳು. ತುಟಿಯಂಚಿನಲ್ಲಿ ನಗು ಒದ್ದಾಡುತ್ತಿತ್ತು.

"ಅಮ್ಮ ಮುಖ ಮುಚ್ಕೊಂಡ್ಳಾ?"

"ಹೂಂ."

"ಮಾತೂ ಆಡ್ಲಿಲ್ವಾ?"

"ಓಡಿಹೋದ್ಳು ಅಂತಿದೀನಲ್ಲ!"

"ಅಯ್ಯೋ ಪೆದ್ದೇ," ಅವಳ ದನಿ ಥಟ್ಟನೆ ಮೆತ್ತಗಾಯಿತು. "ನಮ್ಮಲ್ಲಿ ಯಾವ ಅತ್ತೆ ಅಳಿಯನ ಮುಖ ನೋಡ್ತಾಳೆ? ಯಾವ ಅತ್ತೆ ಅಳಿಯನ ಜತೆ ಮಾತಾಡ್ತಾಳೆ?"

ಲಯನೆಲ್ ಹಣೆ ಚಚ್ಚಿಕೊಂಡ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ! ಈ ಹಾಳು ಹೊಟ್ಟೆಕಿಚ್ಚು ಕಣ್ಣಿಗೇ ಮಣ್ಣೆರಚಿಬಿಟ್ಟಿತ್ತು.

ಡೆಸ್ಮಂಡ್ ಬಣ್ಣದ ಡಬ್ಬಿ ನೋಡುತ್ತಲೇ ಹೇಳಿದ: "ನನ್ನ ಜತೆ ಆಕೆ ಹರಟೆ ಹೊಡೆದಾಗೆಲ್ಲ ನನ್ನ ಎದೆ ಒಡೀತಿತ್ತು, ಅಣ್ಣಾ. ನೀನು ನೋಡಿದ್ರೆ ನನ್ನ ಮೇಲೆ ಉರ್ಕೋತೀಯ."

ಆ ಮಾತಿಗೆ ಲಯನೆಲ್‌ನ ಸಿಟ್ಟೆಲ್ಲ ಇಳಿದುಹೋಯಿತು. ನೊರೀನ್ ಬಣ್ಣ ಮೆತ್ತಿದ ಬೆರಳಲ್ಲಿ ಅವನ ಕಿರುಬೆರಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ನಿನಗೆ ನಾನು ಇಷ್ಟಾನಾ?" ಎಂದ, ನಾಚಿಕೆಬಿಟ್ಟು.

"ಇಲ್ದಿದ್ರೆ ಅಮ್ಮ ಸುಮ್ನೆ ಟ್ಯಾಂಕಿನ ಹಿಂದೆ ಅಡಗ್ತಾಳಾ? ಹೂಂ ಅನ್ನು ಅಂತ ನಾನೇ ನಿನ್ನೆ ಅವಳ ಕಾಲು ಹಿಡ್ಕೊಂಡೆ."

ಟ್ಯಾಂಕಿನ ಹಿಂದಿನಿಂದ ಎಲ್ಸಿ ಕೆಮ್ಮಿದಳು. ಲಯನೆಲ್ ಗಾಬರಿಯಿಂದ ಅತ್ತ ಬೆನ್ನು ತಿರುಗಿಸಿ ನಿಂತ.

"ಸರಿ, ಇನ್ನು ಅವಳ ಬಿಪಿ ಯಾರು ನೋಡೋದು?"

ಡೆಸ್ಮಂಡ್ ನಿಟ್ಟುಸಿರು ಬಿಟ್ಟು ಎದ್ದ. "ತಗೊಂಡು ಬಾ ಆ ಯಂತ್ರ. ಹೇಗೆ ಅಂತ ಕಲಿಸು."