ಬಾಗಿದ ಗೆರೆ

"ಅತ್ತಿಗೆ, ಲಕೋಟೆ ನೀವು ಒಡೀತೀರೋ, ನಾನೇ ಒಡೀಲೋ?"

ಅವಳು ಯಾರಿಗೂ ಅತ್ತಿಗೆಯಾಗಿರಲಿಲ್ಲ. ಆದರೆ ಜೊತೆಗೆ ಕೆಲಸ ಮಾಡುತ್ತಿದ್ದವನ ತಂಗಿ ಮೊದಲ ಭೇಟಿಯಲ್ಲೇ ಹಾಗೆ ಕರೆದುಬಿಟ್ಟಿದ್ದಳು. ಆಗ ಇವಳ ಕಿವಿ ಕೆಂಪಾಗಿತ್ತು. ಅವನು ಇವಳನ್ನು ಅರೆಗಳಿಗೆ ನೋಡಿ, ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವನಂತೆ ತಿರುಗಿಕೊಂಡಿದ್ದ. ಕಿಟಕಿಯಾಚೆ ಇದ್ದದ್ದು ನೀರಿನ ಟ್ಯಾಂಕು.

ಎಂಟು ತಿಂಗಳ ಹಿಂದೆ, ಒಂದು ಮಂಗಳವಾರ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ ಅವನು ಮತ್ತೆ ಏಳಲಿಲ್ಲ. ತಂಗಿ ಈಗ ಅವನ ಮೇಜು ಖಾಲಿ ಮಾಡಲು ಬಂದಿದ್ದಳು.

ಅವರಿಬ್ಬರ ಕೆಲಸ ಒಂದೇ. ಆಕಾಶದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ಸೂರ್ಯರ ಗಟ್ಟಿ ಉಳಿಕೆಗಳು, ಒಂದನ್ನೊಂದು ಸುತ್ತುತ್ತ ವರ್ಷಕ್ಕಿಷ್ಟು ಹತ್ತಿರವಾಗುತ್ತವೆ. ಎಷ್ಟು ಎಂಬುದನ್ನು ಗುರುತ್ವದ ಸಿದ್ಧಾಂತ ಮೊದಲೇ ಹೇಳಿಟ್ಟಿದೆ. ಅಲ್ಲಿಂದ ಬರುವ ರೇಡಿಯೋ ಮಿಡಿತಗಳನ್ನು ಎಣಿಸಿ ಇವರು ತಾಳೆ ನೋಡಬೇಕು. ನಕ್ಷತ್ರಗಳು ಹತ್ತಿರವಾದವು. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕುಳಿತ ಇವರು ಒಂದಂಗುಲವೂ ಹತ್ತಿರವಾಗಲಿಲ್ಲ.

ಕಸುಬಿನಲ್ಲೊಂದು ಪದ್ಧತಿಯಿತ್ತು. ತಮಗೆ ಬೇಕಾದ ಉತ್ತರವೇ ಕಣ್ಣಿಗೆ ಕಾಣದಿರಲೆಂದು, ಒಬ್ಬರು ಅಳತೆಯಲ್ಲಿ ಗುಟ್ಟಾಗಿ ಒಂದು ಸುಳ್ಳು ಸಂಖ್ಯೆ ಬೆರೆಸಿ, ಅದನ್ನು ಬರೆದು ಲಕೋಟೆಯಲ್ಲಿ ಅಂಟಿಸಿಡಬೇಕು. ಎಲ್ಲ ಮುಗಿದ ಮೇಲೆ ಒಡೆದು, ಸುಳ್ಳನ್ನು ತೆಗೆದುಹಾಕಬೇಕು. ಬೆರೆಸುವ ಪಾಳಿ ಅವನದಾಗಿತ್ತು.

ಅವಳ ಕೆಲಸ ಎಂದೋ ಮುಗಿದಿತ್ತು, ಅವನ ಲಕೋಟೆ ಒಡೆಯುವುದೊಂದೇ ಬಾಕಿ. ಪರದೆಯ ಮೇಲೆ ಅವರ ಗೆರೆ ಸಿದ್ಧಾಂತದ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಬಾಗಿತ್ತು. ಆ ಬಾಗು ಅವನು ಬೆರೆಸಿದ ಸುಳ್ಳು, ಅಂದರೆ ಅವನೇ ಎಂದು ಅವಳ ನಂಬಿಕೆ. ದಿನಾ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು. ಒಮ್ಮೊಮ್ಮೆ ಅವನ ಖಾಲಿ ಕುರ್ಚಿ ಕಿರ್ರೆಂದಂತಾಗುತ್ತಿತ್ತು. ಅವಳು ತಿರುಗುತ್ತಿರಲಿಲ್ಲ, ತಿರುಗಿದರೆ ಯಾರೂ ಇರುವುದಿಲ್ಲ ಎಂಬುದು ಗೊತ್ತಿದ್ದ ಸಂಗತಿ.

"ಒಡೆದ್ರೆ ಅವನು ಇಲ್ಲಿಂದಲೂ ಹೋಗ್ಬಿಡ್ತಾನೆ ಕಣೇ," ಎಂದಳು. "ಗೆರೆ ನೆಟ್ಟಗಾಗುತ್ತೆ. ಅಲ್ಲಿಗೆ ಮುಗೀತು."

ತಂಗಿ ಹಲ್ಲಿನ ಡಾಕ್ಟರು. "ನನ್ನ ಕುರ್ಚೀಲಿ ಕೂತೋರೂ ಹೀಗೇ ಅಂತಾರೆ, ಇನ್ನೊಂದು ವಾರ ಇರ್ಲಿ ಡಾಕ್ಟ್ರೇ ಅಂತ. ವಾರ ಕಳೆದ್ರೆ ನೋವೇನು ಕಮ್ಮಿ ಆಗುತ್ತಾ? ಒಡೀರಿ."

ಒಡೆದಳು. ಅವನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ.

"ಸಂಖ್ಯೆ: ಸೊನ್ನೆ. ಪದ್ಧತಿ ಗೊತ್ತು, ಬೈಬೇಡ. ಮೂರು ಸಲ ಟೈಪ್ ಮಾಡಿ ಅಳಿಸಿದೆ. ನಿನಗೆ ಸುಳ್ಳು ಬರೆಯೋಕೆ ಕೈ ಬರಲಿಲ್ಲ. ಹೇಳಬೇಕಾದ ನಿಜ ಒಂದಿದೆ. ಇದನ್ನ ಒಡೆಯೋ ದಿನ ಪಕ್ಕದಲ್ಲೇ ಇರ್ತೀನಲ್ಲ, ಆಗ ಹೇಳ್ತೀನಿ."

ಪರದೆಯ ಮೇಲೆ ಗೆರೆ ಬಾಗಿಯೇ ಇತ್ತು. ತೆಗೆದುಹಾಕಲು ಏನೂ ಇರಲಿಲ್ಲ.

"ಹಾಗಾದ್ರೆ ಇದು ಯಾರು?" ತಂಗಿಯ ದನಿ ಸಣ್ಣಗಾಗಿತ್ತು. "ಥಿಯರಿ ತಪ್ಪಾ?"

"ಥಿಯರಿ ತಪ್ಪೋ, ನಾವು ತಪ್ಪೋ. ಸಾಮಾನ್ಯವಾಗಿ ನಾವೇ." ಅವಳು ಮೂಗು ಒರೆಸಿಕೊಂಡಳು. "ಮೊದಲಿಂದ ನೋಡ್ಬೇಕು. ಹನ್ನೊಂದು ವರ್ಷದ್ದೂ."

"ಒಬ್ಬರೇನಾ?"

ಅವಳು ಅವನ ಕುರ್ಚಿಯನ್ನು ಎಳೆದು, ತೋಳಿಗೆ ತೋಳು ತಾಗುವಷ್ಟು ಹತ್ತಿರ ಇಟ್ಟುಕೊಂಡು, ಮೊದಲ ದಿನದ ಫೈಲು ತೆರೆದಳು.

ಕುರ್ಚಿ ಕಿರ್ರೆಂದಿತು. ಈ ಸಲ ಅವಳು ತಿರುಗಿ ನೋಡಿದಳು.